ಅಪ್‌ಡೇಟ್: ವಾಣಿಜ್ಯ ಕಾನೂನಿನಲ್ಲಿ ಯಾವ ವಿಭಾಗ ಎಂದು ಕೇಳಿದ್ದೆ

ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಮೂರು ವರ್ಷದ ಎಲ್‌ಎಲ್‌.ಬಿ. ಓದುತ್ತಿರುವ ನನಗೆ ತೆರಿಗೆ, ಕಂಪನಿ ಕಾನೂನು, ಬೌದ್ಧಿಕ ಆಸ್ತಿ ಇವುಗಳಲ್ಲಿ ಯಾವುದು ಹೊಂದೀತು ಎಂದು ಕೇಳಿದ್ದೆ. ಹೆಚ್ಚಿನವರು ಜಿಎಸ್‌ಟಿ ಕಡೆಗೆ ಬೆರಳು ತೋರಿಸಿದ್ದಿರಿ. ನಾನು ಹಿಡಿದದ್ದು ಪಟ್ಟಿಯಲ್ಲೇ ಇಲ್ಲದ ದಿವಾಳಿ ಕಾನೂನನ್ನು.

ಕಾರಣ ಇಂಟರ್ನ್‌ಶಿಪ್. ಹಿರಿಯ ವಕೀಲೆಯೊಬ್ಬರ ಜೊತೆ ಎನ್‌ಸಿಎಲ್‌ಟಿಯ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಬೆಂಗಳೂರು ಪೀಠಕ್ಕೆ ಹೋಗತೊಡಗಿದೆ. 2016ರ ದಿವಾಳಿ ಸಂಹಿತೆಯ 7ನೇ ಕಲಮಿನಡಿ, ಸಾಲ ತೀರಿಸದ ಕಂಪನಿಯೊಂದರ ವಿರುದ್ಧ ಬ್ಯಾಂಕೊಂದು ಹಾಕಿದ್ದ ಅರ್ಜಿಯನ್ನು ಕೈಗಿತ್ತು, ‘ಮೊದಲು ಸುಸ್ತಿಯಾದ ದಿನಾಂಕ ಹುಡುಕಪ್ಪಾ’ ಎಂದರು ಮೇಡಂ. ಸುಸ್ತಿ ಎಂದರೆ ಕಟ್ಟಬೇಕಾದ ಸಾಲವನ್ನು ಸಮಯಕ್ಕೆ ಕಟ್ಟದಿರುವುದು. ಅರ್ಜಿಯಲ್ಲಿ ಒಂದು ದಿನಾಂಕ, ಖಾತೆಯ ವಿವರದಲ್ಲಿ ಇನ್ನೊಂದು! ಸುಸ್ತಿಯಾಗಿ ಮೂರು ವರ್ಷ ದಾಟಿದರೆ ಅರ್ಜಿ ಹಾಕಲು ಸಾಮಾನ್ಯವಾಗಿ ಕಾಲಮಿತಿ ಅಡ್ಡ ಬರುತ್ತದೆ. ಆ ಅವಧಿಯೊಳಗೆ ಕಂಪನಿ ಬಾಕಿಯನ್ನು ಸಹಿ ಹಾಕಿ ಬರಹದಲ್ಲಿ ಒಪ್ಪಿಕೊಂಡಿದ್ದರೆ ಲೆಕ್ಕ ಹೊಸದಾಗಿ ಶುರು. ಬ್ಯಾಲೆನ್ಸ್ ಶೀಟಿನ ನಮೂದು ಕೂಡ ಅಂಥ ಒಪ್ಪಿಗೆಯಾಗಬಲ್ಲದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಟಿಪ್ಪಣಿಗಳ ಸಮೇತ ಬ್ಯಾಲೆನ್ಸ್ ಶೀಟ್ ಓದುವಾಗ ಬಿ.ಕಾಂ. ಓದಿದ್ದು ದಂಡವಾಗಲಿಲ್ಲ ಎನಿಸಿತು.

ಸೀನಿಯರ್‌ಗಳ ಜೆರಾಕ್ಸ್ ನೋಟ್ಸ್ ನಂಬುವವರಿಗೆ ಒಂದು ಮಾತು: ಅರ್ಜಿಗೆ ಬೇಕಾದ ಕನಿಷ್ಠ ಸುಸ್ತಿ ಮೊತ್ತ 2020ರಲ್ಲೇ 1 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿದೆ. ನೋಟ್ಸ್‌ನಲ್ಲಿ ಇನ್ನೂ ಲಕ್ಷವೇ ಇದೆ.

‘ಮೊದಲು ಕರಾರು ಕಾಯಿದೆ ಗಟ್ಟಿ ಮಾಡಿಕೊ’ ಎಂದಿದ್ದವರ ಮಾತನ್ನೂ ಪಾಲಿಸುತ್ತಿದ್ದೇನೆ. ಮುಂದಿನ ಸೆಮಿಸ್ಟರ್‌ಗೆ ಮಧ್ಯಸ್ಥಿಕೆ ಕಾನೂನು ತೆಗೆದುಕೊಳ್ಳುತ್ತಿದ್ದೇನೆ.