ಸಹಾಯ ಬೇಕು: ಶುಗರ್ ಇರುವ ಅಮ್ಮನಿಗೆ ಸೆಲರಿ ಗೆಡ್ಡೆ ಕೊಡಬಹುದಾ?

ದಾವಣಗೆರೆಯ ಗೆಳೆಯರೇ, ನಮ್ಮ ಅಮ್ಮನಿಗೆ ಶುಗರ್ ಇದೆ. ಆಲೂಗಡ್ಡೆ ಪಲ್ಯ ಅಂದರೆ ಪ್ರಾಣ, ಆದರೆ ಈಗ ಜಾಸ್ತಿ ಕೊಡುವ ಹಾಗಿಲ್ಲ. ಮೊನ್ನೆ ತಮ್ಮ ಬೆಂಗಳೂರಿನಿಂದ ಎರಡು ಸೆಲರಿ ಗೆಡ್ಡೆ (ಸೆಲರಿ ಜಾತಿಯ ಗಿಡದ ಬುಡದಲ್ಲಿ ಬೆಳೆಯುವ ತರಕಾರಿ, ಇಂಗ್ಲಿಷಿನಲ್ಲಿ celeriac) ತಂದ. ಮೈಯೆಲ್ಲ ಗಂಟು ಗಂಟು, ಬೇರಿನ ಸಂದಿಯಲ್ಲಿ ಮಣ್ಣು. ಒಂದನ್ನು ಕೊಯ್ದು ನೋಡಿದೆ. ದಪ್ಪಗೆ ಸಿಪ್ಪೆ ತೆಗೆದರೆ ಒಳಗೆ ಬೆಳ್ಳಗಿದೆ, ಕೊತ್ತಂಬರಿ ಬೇರಿನಂಥ ಘಮ. ಹೆಚ್ಚಿಟ್ಟ ಹೋಳು ಬೇಗ ಕಪ್ಪಾಗುತ್ತದೆ, ನಿಂಬೆರಸದ ನೀರಿಗೆ ಹಾಕಬೇಕು.

100 ಗ್ರಾಂ ಹಸಿ ಗೆಡ್ಡೆಯಲ್ಲಿ ಸುಮಾರು 42 ಕ್ಯಾಲೊರಿ, 9 ಗ್ರಾಂ ಕಾರ್ಬೋಹೈಡ್ರೇಟ್. ಅಷ್ಟೇ ಆಲೂಗಡ್ಡೆಯಲ್ಲಿ 77 ಕ್ಯಾಲೊರಿ, 17 ಗ್ರಾಂ. ಹತ್ತಿರ ಹತ್ತಿರ ಅರ್ಧ, ಅಲ್ವಾ? ಅದಕ್ಕೇ ಆಸೆ ಹುಟ್ಟಿತು.

ಭಯ ಇರುವುದು ವಿಟಮಿನ್ ಕೆ ಬಗ್ಗೆ. 100 ಗ್ರಾಂಗೆ ಸುಮಾರು 41 ಮೈಕ್ರೋಗ್ರಾಂ ಇದೆ. ಅಮ್ಮ ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಊಟದಲ್ಲಿ ವಿಟಮಿನ್ ಕೆ ಒಮ್ಮೆಲೇ ಹೆಚ್ಚು ಕಡಿಮೆ ಆದರೆ ಆ ಮಾತ್ರೆಯ ಕೆಲಸ ಏರುಪೇರಾಗುತ್ತದೆ. ಸೋಮವಾರ ಡಾಕ್ಟರ್ ಹತ್ತಿರ ಕೇಳುತ್ತೇನೆ. ಅಲ್ಲಿವರೆಗೆ ಅಮ್ಮನಿಗೆ ಒಂದು ಹೋಳೂ ಕೊಡುವುದಿಲ್ಲ.

ವಾರ್ಫರಿನ್ ತೆಗೆದುಕೊಳ್ಳುವವರು ನಿಮ್ಮ ಮನೆಯಲ್ಲಿ ಇದ್ದರೆ ವಿಟಮಿನ್ ಕೆ ಇರುವ ಸೊಪ್ಪು, ಗೆಡ್ಡೆ ಹೇಗೆ ಲೆಕ್ಕ ಇಡುತ್ತೀರಿ? ಇಲ್ಲೇ ದಾವಣಗೆರೆಯಲ್ಲಿ ಕೂತು ಮಾತಾಡಿ, ಜೋಳದ ರೊಟ್ಟಿ ಊಟಕ್ಕೆ ಹೊಂದುವ ಪಟ್ಟಿ ಮಾಡಿಕೊಡುವ ಡಯಟಿಷಿಯನ್ ಗೊತ್ತಾ? ಸುಮ್ನೆ ಸೊಪ್ಪು ಬಿಡಿ ಅನ್ನುವವರು ಬೇಡ. ಈ ಗೆಡ್ಡೆ ನಮ್ಮ ಮಾರ್ಕೆಟ್‌ನಲ್ಲಿ ಸಿಗುತ್ತದಾ ಅಂತಲೂ ದಯವಿಟ್ಟು ತಿಳಿಸಿ.