14 ವರ್ಷದ ಬೆಕ್ಕಿಗೆ ಐದು ಹಲ್ಲು ಕೀಳಿಸೋದಾ ಬೇಡ್ವಾ? ಅನುಭವ ಇರೋರು ಹೇಳಿ

ಕಿಟಕಿಬೆಕ್ಕು: ನಮ್ಮ ಹುಡುಗಿಗೆ 14 ವರ್ಷ. ಹಸಿದು ಬಟ್ಟಲ ಹತ್ರ ಓಡಿ ಬರ್ತಾಳೆ, ಒಂದು ತುತ್ತು ಕಚ್ಚಿದ ಕೂಡಲೇ ಕಿರುಚಿ ಓಡಿಹೋಗ್ತಾಳೆ. ಡಾಕ್ಟರು ಐದು ಹಲ್ಲು ಕೀಳಬೇಕು ಅಂದಿದ್ದಾರೆ. ಕಿಡ್ನಿ ಸ್ವಲ್ಪ ಸೋತಿದೆ, ಅನಸ್ತೇಶಿಯಾ ಅಂದ್ರೆ ಭಯ. ಮಾಡಿಸಿದವರು, ಬೇಡ ಅಂತ ಬಿಟ್ಟವರು ಇಬ್ಬರೂ ಹೇಳಿ.

ಮಿನ್ನಿಯಮ್ಮ: ಎಕ್ಸ್‌ರೇ ಇಲ್ಲದ ಕಡೆ ಮಾತ್ರ ಮಾಡಿಸಬೇಡಿ. ನಾನು ಮಾಡಿಸಿ ಅನುಭವಿಸಿದೆ. ಮೊದಲನೇ ಸಲ ನಾಲ್ಕು ಹಲ್ಲು ಕಿತ್ತರು, ಎರಡರ ಬೇರು ಒಳಗೇ ಮುರಿದು ಉಳೀತು, ನನಗೆ ಯಾರೂ ಹೇಳಲೇ ಇಲ್ಲ. ಮೇಲೆ ವಸಡು ಚೆನ್ನಾಗಿ ಕೂಡಿಕೊಂಡಿತ್ತು. ಏಳು ತಿಂಗಳಿಗೆ ದವಡೆ ಊದಿ ಕೀವು ಬಂತು. ಮತ್ತೆ ರಕ್ತ ಪರೀಕ್ಷೆ, ಮತ್ತೆ ಡ್ರಿಪ್, ಮತ್ತೆ ಅನಸ್ತೇಶಿಯಾ, ಹಲ್ಲಿಗಿಷ್ಟು ಅಂತ ಬೇರೆ ಲೆಕ್ಕ. ಎರಡೂ ಸೇರಿ ನನ್ನ ಮೂರು ತಿಂಗಳ ಸಂಬಳ ಹೋಯ್ತು. ಮಿನ್ನಿ 4.2 ಕೆಜಿಯಿಂದ 3.4ಕ್ಕೆ ಇಳಿದಳು. ಎರಡನೇ ಸಲ ಎಕ್ಸ್‌ರೇ ತೆಗೆದಾಗ ಕೆಳಗಿನ ಇನ್ನೆರಡು ಹಲ್ಲು ಒಳಗಿಂದ ಕರಗ್ತಾ ಇರೋದು ಕಾಣಿಸ್ತು. ಇದು ಹುಳುಕಲ್ಲ, ದೇಹದ ಜೀವಕೋಶಗಳೇ ಹಲ್ಲನ್ನ ತಿಂದುಹಾಕ್ತವೆ. ತುಂಬಿಸಿದ್ರೆ ನಿಲ್ಲಲ್ಲ, ತೆಗೆಯೋದೇ ದಾರಿ. ಬೇರು ಮೂಳೆಯಾಗಿ ಬದಲಾಗಿದ್ರೆ ಮೇಲ್ಭಾಗ ಮಾತ್ರ ಕತ್ತರಿಸ್ತಾರೆ, ಅದನ್ನೂ ಎಕ್ಸ್‌ರೇ ನೋಡಿಯೇ ತೀರ್ಮಾನಿಸಬೇಕು.

ಬೂದಿಗಡವ: ನಾನು ಬಿಟ್ಟವನು. ಹಿಂದಿನ ಬೆಕ್ಕು ಟೇಬಲ್ ಮೇಲಿಂದ ಏಳಲೇ ಇಲ್ಲ. ರಕ್ತ ಪರೀಕ್ಷೆ ಮಾಡಿರಲಿಲ್ಲ, ಬಿಪಿ ನೋಡಿರಲಿಲ್ಲ. ಹಾಗಾಗಿ 16 ವರ್ಷದ ಗಡವನಿಗೆ ಕೀಳಿಸೋದೇ ಬೇಡ ಅಂದೆ. ದವಡೆ ಪಕ್ಕಕ್ಕೆ ಬ್ಯುಪ್ರೆನಾರ್ಫಿನ್ ಅನ್ನೋ ನೋವಿನ ಔಷಧಿ ಹನಿ, ಮೆತ್ತಗಿನ ಊಟ ಬೆಚ್ಚಗೆ ಮಾಡಿ ದಿನಕ್ಕೆ ಆರು ಸಲ. 13 ತಿಂಗಳು ಬದುಕಿದ, ನನ್ನ ಕಾಲ ಮೇಲೇ ಮಲಗ್ತಿದ್ದ.

ಮಿನ್ನಿಯಮ್ಮ: 13 ತಿಂಗಳು ನೋವಲ್ಲಿ ಅಂತಾನೂ ಸೇರಿಸಿ ಸರ್. ಬೆಕ್ಕು ನೋವು ತೋರಿಸಲ್ಲ, ಕೊಳೆತ ಹಲ್ಲಿಟ್ಟುಕೊಂಡೂ ತಿನ್ನುತ್ತೆ.

ಬೂದಿಗಡವ: ಮೇಡಂ, ನೀವು ಅದರ ಮುಖ ನೋಡಿದ್ರಾ? ಒಂದನ್ನ ಬಟ್ಟೆ ಸುತ್ತಿ ಮನೆಗೆ ತಂದವನಿಗೆ ಬುದ್ಧಿ ಹೇಳೋದು ಸುಲಭ.

ಬೋಳುಬಾಯಿ ರಾಜ: ಜಗಳ ಬಿಡಿ, ನಮ್ಮದು ಕೇಳಿ. ಬಾಯಿ ತುಂಬಾ ಹುಣ್ಣು, ಗಂಟಲ ಹತ್ರ ವಸಡು ಹಸಿ ಮಾಂಸದ ಥರ ಕೆಂಪು. ಜೊಲ್ಲು ಒರೆಸಿ ಒರೆಸಿ ಮುಂಗಾಲಿನ ಬಿಳಿ ಕೂದಲು ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು. 30 ಹಲ್ಲಲ್ಲಿ ಎಂಟು ಮೊದಲೇ ಬಿದ್ದಿದ್ವು, ಉಳಿದ 22ನ್ನೂ ಎರಡು ಕಂತಲ್ಲಿ ಕೀಳಿಸಿದೆ. ವಾರದಲ್ಲಿ ವಾಸಿ ಅಂದ್ಕೋಬೇಡಿ, ಹುಣ್ಣು ಮಾಯೋಕೆ ನಾಲ್ಕು ತಿಂಗಳು ಹಿಡೀತು. ಎಲ್ಲಾ ಕಿತ್ತರೂ ಪೂರ್ತಿ ವಾಸಿಯಾಗದ ಬೆಕ್ಕುಗಳೂ ಇವೆ. ನಮ್ಮ ರಾಜ ಮಾತ್ರ ಈಗ ಒಣ ಕಾಳನ್ನೂ ಹಾಗೇ ನುಂಗ್ತಾನೆ. ನೋಡಿದ್ರೆ ಕಣ್ಣು ತುಂಬುತ್ತೆ.

ದಿನಾ ಬ್ರಷ್: ಮರಿ ಇದ್ದಾಗಿಂದ ದಿನಾ ಉಜ್ಜಿದ್ರೆ ಇಷ್ಟೆಲ್ಲಾ ಆಗ್ತಿರಲಿಲ್ಲ. ನಮ್ಮದಕ್ಕೆ 15, ಒಂದು ಹಲ್ಲೂ ಹೋಗಿಲ್ಲ. ಬೆಕ್ಕಿಗೆ ಅಂತ ಮಾಡಿದ ಪೇಸ್ಟ್ ಮಾತ್ರ, ನಮ್ಮದು ಬೇಡ.

ಬೋಳುಬಾಯಿ ರಾಜ: ರಾಜ ನನ್ನ ಕೈಗೆ ಬಂದಿದ್ದೇ ಒಂಬತ್ತು ವರ್ಷಕ್ಕೆ! ತಪ್ಪು ಯಾರದು ಅಂತ ಇಲ್ಲಿ ಯಾರು ಕೇಳಿದ್ರು?

ಮಿನ್ನಿಯಮ್ಮ: ನಾನೂ ಆರು ವರ್ಷ ಬ್ರಷ್ ಮಾಡಿದವಳೇ ರೀ. ಪಾಚಿ ತಡೆಯುತ್ತೆ, ವಸಡು ಉಳಿಯುತ್ತೆ. ಹಲ್ಲು ಕರಗೋದು ನಿಲ್ಲಲ್ಲ.

ದಿನಾ ಬ್ರಷ್: ಸರಿಯಾಗಿ ಮಾಡಿದ್ರಾ ಅನ್ನೋದೇ ಪ್ರಶ್ನೆ.

ಬೂದಿಗಡವ: ಇದೇ ಮಾತಿಗೆ ಜನ ಇಲ್ಲಿ ಬರೆಯೋದೇ ಬಿಟ್ಟಿದ್ದಾರೆ.

ಕತ್ತಲ ಕಣ್ಣು: ನಾನು ಎಲ್ಲಾ ಕಡೆ ಇದನ್ನೇ ಬರೀತೀನಿ, ಬೇಜಾರಾಗಬೇಡಿ. ಬಾಯಿ ಅಗಲಿಸಿಡೋಕೆ ಸ್ಪ್ರಿಂಗ್ ಹಾಕ್ತೀರಾ ಅಂತ ಕೇಳಿ. ಬೆಕ್ಕಿನ ಬಾಯಿ ಪೂರ್ತಿ ತೆರೆದು ಹಿಡಿದ್ರೆ ದವಡೆ ಹತ್ರ ಹೋಗೋ ರಕ್ತನಾಳ ಅಮುಕಿ ಹೋಗುತ್ತೆ, ಕಣ್ಣಿಗೂ ಮೆದುಳಿಗೂ ರಕ್ತ ಕಮ್ಮಿಯಾಗುತ್ತೆ. ನಮ್ಮವಳು ಹಲ್ಲು ಕೀಳಿಸಿಕೊಂಡು ಬಂದ ರಾತ್ರಿ ಗೋಡೆಗೆ ಹೋಗಿ ಹೋಗಿ ಬಡಿದುಕೊಂಡಳು. ಕಣ್ಮಣಿ ಅಗಲವಾಗಿ ತೆರೆದೇ ಇತ್ತು. ಟಾರ್ಚ್ ಬಿಟ್ಟರೂ ಕುಗ್ಗಲಿಲ್ಲ.

ಮಿನ್ನಿಯಮ್ಮ: ಅಯ್ಯೋ ಅಕ್ಕ. ದೃಷ್ಟಿ ಬಂತಾ?

ಕತ್ತಲ ಕಣ್ಣು: ಬರಲಿಲ್ಲ. ಈಗ ಮೀಸೆ ತಾಗಿಸಿಕೊಂಡು ಮನೆಯೆಲ್ಲಾ ಓಡಾಡ್ತಾಳೆ.

ಕಿಟಕಿಬೆಕ್ಕು: ಕಿಡ್ನಿ ವಿಷಯ ಯಾರಾದ್ರೂ ಹೇಳ್ತೀರಾ? ಅಲ್ಲಿವರೆಗೆ ನೋವಿಗೆ ಮನೆಯಲ್ಲಿರೋ ಪ್ಯಾರಸಿಟಮಾಲ್ ಚೂರು ಕೊಡಬಹುದಾ?

ಬೂದಿಗಡವ: ಬೇಡ ಬೇಡ! ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಪ್ರಾಣ ತೆಗೆಯುತ್ತೆ. ಈಗಲೇ ಡಾಕ್ಟರಿಗೆ ಫೋನ್ ಮಾಡಿ ಬೆಕ್ಕಿನ ನೋವಿನ ಔಷಧಿ ಬರೆಸಿಕೊಳ್ಳಿ.

ಮಿನ್ನಿಯಮ್ಮ: ಇದರಲ್ಲಿ ಬೂದಿಗಡವ ಸರ್ ಹೇಳಿದ್ದೇ ಸರಿ. ಮಿನ್ನಿಗೂ ಎರಡನೇ ಸಲಕ್ಕೆ ಕಿಡ್ನಿ ಸೋತಿತ್ತು. ಮೊದಲೇ ಡ್ರಿಪ್ ಶುರು ಮಾಡಿದ್ರು, ಮಧ್ಯೆ ಬಿಪಿ ನೋಡ್ತಾ ಇದ್ರು, ಮೈ ತಣ್ಣಗಾಗದ ಹಾಗೆ ಬೆಚ್ಚಗೆ ಸುತ್ತಿದ್ರು. ಸಂಜೆಗೆ ಎದ್ದಳು. ಮಾರನೇ ದಿನ ಬೆಳಿಗ್ಗೆ ನನ್ನ ಬೆರಳಿಂದಲೇ ನೆಕ್ಕಿ ತಿಂದಳು.