ಬಳ್ಳಾರಿ: ಬಣ್ಣ ಬದಲಿಸುವ ಇಂಕ್ ಮರಳಿ ಕಪ್ಪಾಗುತ್ತಿಲ್ಲ, ಪರಿಹಾರ ತಿಳಿಸಿ

ಬಳ್ಳಾರಿ ಸ್ಕ್ರೀನ್‌ಪ್ರಿಂಟ್:
ಜೀನ್ಸ್ ಪ್ಯಾಂಟಿಗೆ ಕಟ್ಟುವ ಟ್ಯಾಗ್‌ಗಳ ಮೇಲೆ, ಬೆರಳಿಟ್ಟರೆ ಕಪ್ಪು ಮಾಯವಾಗಿ ಕೆಳಗಿನ ಲೋಗೋ ಕಾಣುವ ಇಂಕ್ ಹಾಕಿ ಕೊಟ್ಟಿದ್ದೆ. ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದ್ದವೆಲ್ಲ ಬಿಳಚಿಕೊಂಡಿವೆ, ಗಿರಾಕಿ ಹಣ ತಡೆಹಿಡಿದಿದ್ದಾರೆ, ಇಂಕ್ ಮಾರಿದವರು ಮಾಲಿನಲ್ಲಿ ದೋಷವಿಲ್ಲ ಎನ್ನುತ್ತಾರೆ. ಗಾಜಿನ ಹಿಂದಿದ್ದ ಮಾಲಿಗೆ ಬಿಸಿಲಿನ ಪೆಟ್ಟು ಬೀಳುವುದು ಹೇಗೆ?

ರಾಯಚೂರು ಆಫ್‌ಸೆಟ್:
ವಾರ್ನಿಷ್ ಹಾಕಿಲ್ಲ, ಅದೇ ಕಾರಣ. ಸಾಮಾನ್ಯ ಕಿಟಕಿ ಗಾಜು ಸುಮಾರು 320 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳನ್ನು ಬಹುಮಟ್ಟಿಗೆ ತಡೆಯುತ್ತದೆಯೇ ಹೊರತು, ಅದಕ್ಕಿಂತ ಉದ್ದನೆಯ ನೇರಳಾತೀತ ಕಿರಣಗಳನ್ನು ಒಳಗೆ ಬಿಟ್ಟೇಬಿಡುತ್ತದೆ. ನೇರಳಾತೀತ ಹೀರುವ ವಾರ್ನಿಷ್ ಹಾಕಿದರೆ ಸಮಸ್ಯೆ ಮುಗಿಯಿತು.

ಕೊಪ್ಪಳದ ಮುದ್ರಕ:
ಸರ್, ಮೊದಲು ಇಂಕ್ ಎಷ್ಟು ಡಿಗ್ರಿಯದು ಎಂದು ತಿಳಿಸಿ. ಬೆರಳಿನ ಬಿಸಿಗೆ ಬದಲಾಗುವುದಾದರೆ 31 ಡಿಗ್ರಿಯದೇ ಇರಬೇಕು. ಅದರ ಸೂಕ್ಷ್ಮ ಗುಳಿಗೆಗಳೊಳಗೆ ಬಣ್ಣ ಕೊಡುವ ಲ್ಯೂಕೋ ಡೈ, ಅದನ್ನು ಎಬ್ಬಿಸುವ ಆಮ್ಲಗುಣದ ವಸ್ತು ಮತ್ತು ಮೇಣದಂಥ ದ್ರಾವಕ ಇರುತ್ತವೆ. ದ್ರಾವಕ ಕರಗಿದಾಗ ಬಣ್ಣ ಹೋಗುತ್ತದೆ, ಗಟ್ಟಿಯಾದಾಗ ಮರಳುತ್ತದೆ. ಮರಳಬೇಕಾದರೆ ಹೋದ ಉಷ್ಣತೆಗಿಂತ ಕೆಲವು ಡಿಗ್ರಿ ಕೆಳಗೆ ಇಳಿಯಲೇಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಅಂಗಡಿಯೊಳಗೇ ಅದಕ್ಕಿಂತ ಹೆಚ್ಚು ಕಾವಿರುವಾಗ ಕಪ್ಪು ಬರುವುದಾದರೂ ಎಲ್ಲಿಂದ? ಗಾಜಿನ ಹಿಂದಿನದೊಂದು, ಗೋದಾಮಿನದೊಂದು ಟ್ಯಾಗನ್ನು ಫ್ರಿಜ್ಜಿನಲ್ಲಿಟ್ಟು ನೋಡಿ.

ರಾಯಚೂರು ಆಫ್‌ಸೆಟ್:
ಫ್ರಿಜ್ಜಿನ ಮಾತೇಕೆ? ನಾನು ಮದುವೆ ಕಾರ್ಡುಗಳಿಗೆ ಎರಡು ಪದರ ವಾರ್ನಿಷ್ ಹಾಕಿಯೇ ಕೊಡುತ್ತೇನೆ, ಒಂದೂ ಮರಳಿ ಬಂದಿಲ್ಲ.

ಕೊಪ್ಪಳದ ಮುದ್ರಕ:
ಮದುವೆ ಕಾರ್ಡು ತಿಂಗಳುಗಟ್ಟಲೆ ಬಿಸಿಲಿನಲ್ಲಿ ತೂಗುವುದಿಲ್ಲವಲ್ಲ ಸರ್. ಮೇಲಾಗಿ ತೀಕ್ಷ್ಣ ದ್ರಾವಕವಿರುವ ವಾರ್ನಿಷ್ ಗುಳಿಗೆಯ ಗೋಡೆಯನ್ನೇ ಕೆಡಿಸಬಲ್ಲದು. ನೀರು ಆಧಾರಿತವಾದುದನ್ನು ಮೊದಲು ಒಂದು ಹಾಳೆಯ ಮೇಲೆ ಪರೀಕ್ಷಿಸಿಕೊಳ್ಳಬೇಕು. ಸ್ಪೈರೋಆಕ್ಸಜೀನ್‌ನಂಥ, ಬಿಸಿಲು ಬಿದ್ದರೇ ಬಣ್ಣ ಬರುವ ಇಂಕಿಗಂತೂ ನೀವು ಹೇಳಿದ ನೇರಳಾತೀತ ಹೀರುವ ವಾರ್ನಿಷ್ ಹಾಕಿದರೆ ಅದಕ್ಕೆ ಬೇಕಾದ ಕಿರಣವೇ ತಲುಪದೆ ಇಂಕ್ ನಿಷ್ಪ್ರಯೋಜಕವಾಗುತ್ತದೆ.

ಬಳ್ಳಾರಿ ಸ್ಕ್ರೀನ್‌ಪ್ರಿಂಟ್:
ಡಬ್ಬಿಯ ಮೇಲೆ 31 ಎಂದೇ ಇದೆ. ಫ್ರಿಜ್ಜಿನಿಂದ ತೆಗೆದಾಗ ಗೋದಾಮಿನದು ಪೂರ್ತಿ ಕಪ್ಪಾಗಿತ್ತು, ಗಾಜಿನ ಹಿಂದಿನದು ಬೂದಿ ಬಣ್ಣದಲ್ಲೇ ನಿಂತಿತು. ಈಗ ವಾರ್ನಿಷ್ ಬಳಿದರೆ ಹಳೆಯ ಟ್ಯಾಗ್‌ಗಳು ಸರಿಹೋಗುತ್ತವೆಯೇ?

ಕೊಪ್ಪಳದ ಮುದ್ರಕ:
ಇಲ್ಲ. ಗೋದಾಮಿನದಕ್ಕೆ ಕಾವು ಮಾತ್ರ ತಾಗಿದೆ, ಗಾಜಿನ ಹಿಂದಿನದರಲ್ಲಿ ಬೆಳಕು ಲ್ಯೂಕೋ ಡೈಯನ್ನೇ ಒಡೆದಿದೆ. ಒಡೆದ ಅಣು ತಂಪಿಗೆ ಕೂಡಿಕೊಳ್ಳುವುದಿಲ್ಲ. ವಾರ್ನಿಷ್ ಈ ನಾಶವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಹೊಸ ಹಾಳೆಯ ಅರ್ಧಕ್ಕೆ ದಪ್ಪ ಕಪ್ಪು ಕಾಗದ ಮುಚ್ಚಿ, ಪಕ್ಕದಲ್ಲಿ, ಬಣ್ಣ ಬೆಳಕಿಗೆ ಎಷ್ಟು ಬೇಗ ಮಾಸುತ್ತದೆಂದು ಹೋಲಿಸಿ ಅಳೆಯುವ 1ರಿಂದ (ಬೇಗ ಮಾಸುವುದು) 8ರವರೆಗಿನ ನೀಲಿ ಉಣ್ಣೆಯ ಮಾನಕವನ್ನಿಟ್ಟು ಅದೇ ಕಿಟಕಿಯಲ್ಲಿ ತೂಗಿಹಾಕಿ. ಪ್ರತಿ ಬಾರಿಯೂ ತಂಪು ಮಾಡಿಯೇ ಹೋಲಿಸಿ. ಈ ಜಾತಿಯ ಇಂಕ್ ಸಾಮಾನ್ಯವಾಗಿ ಕೆಳಗಿನ ಅಂಕಗಳಲ್ಲೇ ಉಳಿಯುತ್ತದೆ.

ರಾಯಚೂರು ಆಫ್‌ಸೆಟ್:
ಹಾಗಾದರೆ 45 ಡಿಗ್ರಿಯ ಇಂಕ್ ತರಿಸಿ ವಾರ್ನಿಷ್ ಹಾಕಲಿ.

ಕೊಪ್ಪಳದ ಮುದ್ರಕ:
45ರದು ಬೆರಳಿನ ಬಿಸಿಗೆ ಬದಲಾಗುವುದಿಲ್ಲ, ಬಿಸಿನೀರಿನ ಲೋಟವನ್ನೇ ಒತ್ತಬೇಕು. ಬೆರಳಿನ ಆಟವೇ ಬೇಕೆಂದು ಗಿರಾಕಿ ಹಟ ಹಿಡಿದರೆ, ಕಿಟಕಿಯಲ್ಲಿ ಸಾಮಾನ್ಯ ಕಪ್ಪು ಇಂಕಿನ ಟ್ಯಾಗ್ ತೂಗಿಸಿ, ನಿಮ್ಮದನ್ನು ಏಸಿ ಇರುವ ಒಳಕೋಣೆಯ ಮಾಲಿಗೆ ಮಾತ್ರ ಕಟ್ಟಿಸಿ.

ಬಳ್ಳಾರಿ ಸ್ಕ್ರೀನ್‌ಪ್ರಿಂಟ್:
ಅವರ ಅಂಗಡಿಯಲ್ಲಿ ಏಸಿ ಇಲ್ಲ. ಬೇರೆ ದಾರಿ ಬಲ್ಲವರು ತಿಳಿಸಿ.